ಶಾಲೆಯ ಗೋಡೆಯ ಮೇಲೊಂದು ಜೇನಿರುವೆ

(ಚಿತ್ರಕಲಾ ವಿದ್ಯಾರ್ಥಿಗಳ ಕೂಟವೊಂದರಲ್ಲಿ ಓದಿದ ಉಪನ್ಯಾಸದ ಬರಹರೂಪ)



ಆಸ್ಟ್ರೇಲಿಯಾದ ನಕಾಶೆ ಹರಡಿ ಸರಿಸುಮಾರು ನಡುಮಧ್ಯಕ್ಕೆ ಬೆರಳಿಟ್ಟರೆ ಸಿಗುವ ಪಟ್ಟಣ ಆಲಿಸ್ ಸ್ಪ್ರಿಂಗ್ಸ್. ಅಲ್ಲಿಂದ ವಾಯವ್ಯ ದಿಕ್ಕಿಗೆ ಕೆಂಪು ಮಣ್ಣಿನ ಬಯಲಿನಲ್ಲಿ ಸುಮಾರು 240 ಕಿಲೋಮೀಟರ್ ಹೋದರೆ ಪಪುನ್ಯಾ ಎಂಬ ಊರು. ಊರು ಎನ್ನುವುದಕ್ಕಿಂತ ಸರಕಾರ ಕಟ್ಟಿದ ಒಂದು ಶಿಬಿರ ಎಂದರೆ ಹೆಚ್ಚು ಸರಿ. ಇಲ್ಲಿನ ಶಾಲೆಯ ಗೋಡೆಯ ಮೇಲೆ 1971ರ ನಡುವಿನ ತಿಂಗಳುಗಳಲ್ಲಿ ಕೆಲವು ಗಂಡಸರು ಸೇರಿ ಒಂದು ಚಿತ್ರ ಬರೆದರು. ಅದು ಜೇನಿರುವೆಯ ಕಥೆ. ಮೂರು ವರ್ಷವಾಗುವಷ್ಟರಲ್ಲಿ, 1974ರಲ್ಲಿ, ಕಟ್ಟಡದ ನಿರ್ವಹಣೆಯ ಹೆಸರಿನಲ್ಲಿ ಅದರ ಮೇಲೆ ಬಣ್ಣ ಬಳಿದುಬಿಟ್ಟರು. ಈಗ ಉಳಿದಿರುವುದು ಫೋಟೋಗಳು ಮಾತ್ರ.

ಮೂರೇ ವರ್ಷ ಬದುಕಿದ ಈ ಗೋಡೆಚಿತ್ರವನ್ನು ಆಸ್ಟ್ರೇಲಿಯಾದ ಕಲೆಯ ಚರಿತ್ರೆ ಬರೆಯುವವರು ಯಾರೂ ಬಿಟ್ಟು ಮುಂದೆ ಹೋಗುವುದಿಲ್ಲ. ಇಂದು ಜಗತ್ತಿನ ದೊಡ್ಡ ದೊಡ್ಡ ಸಂಗ್ರಹಾಲಯಗಳಲ್ಲಿ ತೂಗುಹಾಕಿರುವ, ಚುಕ್ಕಿಗಳಿಂದ ತುಂಬಿದ ಆದಿವಾಸಿ ಕ್ಯಾನ್ವಾಸುಗಳ ಮೂಲ ಹುಡುಕುತ್ತ ಹೋದರೆ ಅದು ಈ ಶಾಲೆಯ ಅಂಗಳಕ್ಕೆ ಬಂದು ನಿಲ್ಲುತ್ತದೆ. ಪಾಶ್ಚಾತ್ಯ ಬಣ್ಣ, ಪಾಶ್ಚಾತ್ಯ ಕುಂಚ, ಸರಕಾರಿ ಗೋಡೆ ಒಂದು ಕಡೆ. ಸಾವಿರಾರು ವರ್ಷಗಳ ಗುರುತುಗಳು ಇನ್ನೊಂದು ಕಡೆ. ಇವೆರಡೂ ಕೂಡಿದಾಗ ಏನಾಯಿತು, ಕೂಡಲು ಅನುಮತಿ ಕೊಟ್ಟವರು ಯಾರು ಎಂಬುದೇ ಇಲ್ಲಿನ ಸ್ವಾರಸ್ಯ.

ಮೊದಲು ಪಪುನ್ಯಾದ ಸಂಗತಿ. 1950ರ ದಶಕದ ಕೊನೆಯಲ್ಲಿ ಸರಕಾರ ಈ ವಸತಿಯನ್ನು ಕಟ್ಟಿಸಿತು. ಆಗಿನ ನೀತಿಯ ಹೆಸರು 'ವಿಲೀನೀಕರಣ'. ಅಂದರೆ ಆದಿವಾಸಿಗಳು ಮನೆಯಲ್ಲಿ ವಾಸಿಸಬೇಕು, ಇಂಗ್ಲಿಷ್ ಕಲಿಯಬೇಕು, ಗಡಿಯಾರ ನೋಡಿ ಕೆಲಸಕ್ಕೆ ಬರಬೇಕು, ಕ್ರಮೇಣ ಬಿಳಿಯರಂತೆಯೇ ಆಗಿಬಿಡಬೇಕು. ಪಿಂಟುಪಿ, ಲುರಿಜಾ, ವಾರ್ಲ್‌ಪಿರಿ, ಅನ್‌ಮಜಿರಾ, ಅರೆಂಟೆ ಎಂಬ ಬೇರೆ ಬೇರೆ ಭಾಷೆಗಳ ಸಾವಿರಕ್ಕೂ ಹೆಚ್ಚು ಜನರನ್ನು ಒಂದೇ ಕಡೆ ತಂದು ಇರಿಸಲಾಯಿತು. ಇವರಲ್ಲಿ ಪಿಂಟುಪಿಗಳು ಪಶ್ಚಿಮದ ಮರುಭೂಮಿಯವರು. ಬಿಳಿಯರನ್ನು ಮೊದಲ ಬಾರಿಗೆ ಕಂಡದ್ದೇ 1960ರ ದಶಕದಲ್ಲಿ ಎನ್ನುವವರು ಅವರಲ್ಲಿದ್ದರು. ಹೊಸ ಜಾಗದ ರೋಗಗಳಿಗೆ ಸಿಕ್ಕಿ ಅನೇಕರು ಸತ್ತರು. ಉಳಿದವರು ತಮ್ಮ ನೆಲದಿಂದ ನೂರಾರು ಕಿಲೋಮೀಟರ್ ದೂರದಲ್ಲಿ, ಇನ್ನೊಬ್ಬರ ನೆಲದಲ್ಲಿ, ಪಡಿತರ ತಿಂದು ಕೂತಿದ್ದರು.

ಪಪುನ್ಯಾಕ್ಕೂ ಚಿತ್ರಕಲೆಗೂ ಇದಕ್ಕೆ ಮೊದಲೇ ಒಂದು ನಂಟು ಇತ್ತು, ಅದು ಕಹಿಯಾದ ನಂಟು. ಆಲ್ಬರ್ಟ್ ನಮಜೀರ ಎಂಬ ಅರೆಂಟೆ ಕಲಾವಿದನ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಜಲವರ್ಣದಲ್ಲಿ ಆತ ಬರೆಯುತ್ತಿದ್ದ ಮರ, ಬೆಟ್ಟ, ಕಣಿವೆಗಳ ಚಿತ್ರಗಳು ಅಪ್ಪಟ ಪಾಶ್ಚಾತ್ಯ ಶೈಲಿಯವು. 1938ರಲ್ಲಿ ಮೆಲ್ಬೋರ್ನಿನಲ್ಲಿ ನಡೆದ ಮೊದಲ ಪ್ರದರ್ಶನದಲ್ಲೇ ಎಲ್ಲ ಚಿತ್ರಗಳೂ ಮಾರಾಟವಾದವು. ಬಿಳಿಯರಂತೆ ಚಿತ್ರ ಬರೆಯಬಲ್ಲ ಆದಿವಾಸಿ ಎಂದು ದೇಶ ಅವನನ್ನು ಮೆರೆಸಿತು. 1957ರಲ್ಲಿ ಪೂರ್ಣ ಪೌರತ್ವವನ್ನೂ ಕೊಟ್ಟಿತು. ಅವನ ಜನರಿಗೆ ಆಗ ಅದು ಇರಲಿಲ್ಲ. ಪೌರತ್ವ ಪಡೆದವನು ಮದ್ಯ ಕೊಳ್ಳಬಹುದಿತ್ತು, ಆದರೆ ಅದನ್ನು ತನ್ನವರೊಡನೆ ಹಂಚಿಕೊಳ್ಳುವಂತಿರಲಿಲ್ಲ. ಹಂಚಿಕೊಂಡು ಉಣ್ಣುವುದೇ ಧರ್ಮವೆಂದು ತಿಳಿದ ಸಮಾಜದ ಮನುಷ್ಯ ಆತ. ಮದ್ಯ ಒದಗಿಸಿದ ಆರೋಪದ ಮೇಲೆ 1958ರಲ್ಲಿ ಶಿಕ್ಷೆಯಾಯಿತು. ಆ ಶಿಕ್ಷೆಯ ಎರಡು ತಿಂಗಳುಗಳನ್ನು ಆತ ಕಳೆದದ್ದು ಇದೇ ಪಪುನ್ಯಾದಲ್ಲಿ. ಹೊರಬಂದ ಕೆಲವೇ ತಿಂಗಳಿಗೆ, 1959ರ ಆಗಸ್ಟ್‌ನಲ್ಲಿ, ತೀರಿಕೊಂಡ. ಪಾಶ್ಚಾತ್ಯ ಶೈಲಿಯನ್ನು ಪೂರ್ತಿಯಾಗಿ ಒಪ್ಪಿಕೊಂಡರೂ ದಕ್ಕುವುದು ಎಷ್ಟು ಎಂಬುದನ್ನು ಪಪುನ್ಯಾದ ಜನ ಹೀಗೆ ಕಣ್ಣಾರೆ ಕಂಡಿದ್ದರು.

ಇಂಥ ಜಾಗಕ್ಕೆ 1971ರ ಆರಂಭದಲ್ಲಿ ಬಂದವನು ಜೆಫ್ರಿ ಬಾರ್ಡನ್. ಸಿಡ್ನಿಯ ಹುಡುಗ, ಮೂವತ್ತರ ಪ್ರಾಯ, ಶಾಲೆಯ ಚಿತ್ರಕಲಾ ಮೇಷ್ಟ್ರು. ತರಗತಿಯಲ್ಲಿ ಮಕ್ಕಳಿಗೆ ಬಣ್ಣ ಕೊಟ್ಟರೆ ಸಿನಿಮಾದಲ್ಲಿ ನೋಡಿದ ಕೌಬಾಯ್‌ಗಳನ್ನು ಬರೆಯುತ್ತಿದ್ದರು. ತರಗತಿಯಿಂದ ಹೊರಗೆ ಬಿಟ್ಟರೆ ಅದೇ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬೇರೆ ಏನನ್ನೋ ಬರೆಯುತ್ತ ಕಥೆ ಹೇಳುತ್ತಿದ್ದರು. ವೃತ್ತ, ಬಾಗಿದ ಗೆರೆ, ಅಂಕುಡೊಂಕು. ಇವನ್ನೇ ಗೋಡೆಯ ಮೇಲೆ ಬರೆಯಿರಿ ಎಂದು ಬಾರ್ಡನ್ ಮಕ್ಕಳನ್ನು ಹುರಿದುಂಬಿಸಿದ. ಮಕ್ಕಳಿಂದ ಅದು ಆಗಲಿಲ್ಲ. ಕೈ ಸಾಗದೆ ಅಲ್ಲ, ಆ ಕಥೆಗಳನ್ನು ಬರೆಯುವ ಅಧಿಕಾರ ಅವರಿಗಿರಲಿಲ್ಲ. ಶಾಲೆಯಲ್ಲಿ ಅಂಗಳ ಗುಡಿಸುವ, ಸಣ್ಣಪುಟ್ಟ ರಿಪೇರಿ ನೋಡಿಕೊಳ್ಳುವ ಕೆಲಸಕ್ಕಿದ್ದ ಹಿರಿಯರು ಇದನ್ನೆಲ್ಲ ದೂರದಿಂದ ಗಮನಿಸುತ್ತಿದ್ದರು. ಕೊನೆಗೆ ಕುಂಚ ಹಿಡಿದವರು ಅವರೇ. ಕಾಪಾ ಜಂಪಿಜಿನ್ಪ, ಲಾಂಗ್ ಜಾಕ್ ಫಿಲಿಪಸ್ ಜಕಮಾರ, ಬಿಲ್ಲಿ ಸ್ಟಾಕ್‌ಮನ್ ಜಪಲ್ಜಾರಿ ಅವರಲ್ಲಿ ಮುಖ್ಯರು. (ಹೆಸರಿನ ಕೊನೆಯಲ್ಲಿ ಬರುವ ಜಂಪಿಜಿನ್ಪ, ಜಕಮಾರ ಇತ್ಯಾದಿ ಮನೆತನದ ಹೆಸರುಗಳಲ್ಲ. ನಮ್ಮ ಬಳಿ, ಬೆಡಗುಗಳಂತೆ ಯಾರು ಯಾರಿಗೆ ಏನಾಗಬೇಕು ಎಂದು ತಿಳಿಸುವ ವರ್ಗನಾಮಗಳು. ಆದರೆ ತಂದೆಯ ವರ್ಗ ಮಗನಿಗೆ ಬರುವುದಿಲ್ಲ, ಅವನದು ಬೇರೆ.)

ಈಗ 'ಡ್ರೀಮಿಂಗ್' ಎಂಬ ಮಾತಿಗೆ ಬರಬೇಕು. ಆ ಜನರ ಮಾತಿನಲ್ಲಿ ಅದು 'ಜುಕುರ್ಪ'. ಇಂಗ್ಲಿಷಿನವರು ಕನಸು ಎಂದು ಅನುವಾದಿಸಿದ್ದರಿಂದ ಆದ ಗೊಂದಲ ಅಷ್ಟಿಷ್ಟಲ್ಲ. ಕನಸಿಗಿಂತ 'ಸ್ಥಳಪುರಾಣ' ಎಂಬ ನಮ್ಮ ಮಾತೇ ಅದಕ್ಕೆ ಹೆಚ್ಚು ಹತ್ತಿರ. ಆದಿಯಲ್ಲಿ ಪೂರ್ವಜರು ಪ್ರಾಣಿರೂಪದಲ್ಲೋ ಮನುಷ್ಯರೂಪದಲ್ಲೋ ನೆಲದ ಮೇಲೆ ನಡೆದರು; ಅವರು ಮಲಗಿದ ಕಡೆ ಬೆಟ್ಟವಾಯಿತು, ಅಗೆದ ಕಡೆ ನೀರಿನ ಹೊಂಡವಾಯಿತು; ಅವರು ನಡೆದ ದಾರಿಗಳೇ ಕಾನೂನಾದವು. ಒಂದೊಂದು ದಾರಿಗೂ ಹಾಡು, ಕುಣಿತ, ಮೈಮೇಲೆ ಬರೆದುಕೊಳ್ಳುವ ಗುರುತು ಇವೆ. ಇವಕ್ಕೆ ಒಡೆಯರೂ ಇದ್ದಾರೆ. ವಾರ್ಲ್‌ಪಿರಿಗಳಲ್ಲಿ ತಂದೆಯ ಕಡೆಯಿಂದ ಹಕ್ಕು ಪಡೆದವರು 'ಕಿರ್ದ'. ತಾಯಿಯ ಕಡೆಯಿಂದ ಅದೇ ಕಥೆಗೆ ಕಾವಲುಗಾರರಾದವರು 'ಕುರ್ದುಂಗುರ್ಲು'. ಒಡೆಯ ಬರೆಯಬಹುದು, ಕುಣಿಯಬಹುದು. ಎಲ್ಲವೂ ಕ್ರಮಪ್ರಕಾರ ನಡೆಯುತ್ತಿದೆಯೇ ಎಂದು ನೋಡಬೇಕಾದವನು ಕಾವಲುಗಾರ. ಅವನನ್ನು ಬಿಟ್ಟು ಒಡೆಯ ಒಂದು ಗೆರೆಯನ್ನೂ ಎಳೆಯುವಂತಿಲ್ಲ.

ಪಪುನ್ಯಾ ಇರುವುದೇ ಜೇನಿರುವೆಯ ದಾರಿಯ ಮೇಲೆ. ಮಧ್ಯ ಆಸ್ಟ್ರೇಲಿಯಾದ ಈ ಇರುವೆ ನಿಜಕ್ಕೂ ಒಂದು ವಿಚಿತ್ರ. ಗೂಡಿನ ಕೆಲವು ಇರುವೆಗಳು ಕೆಲಸ ಮಾಡುವುದಿಲ್ಲ. ಉಳಿದವು ತಂದು ಕುಡಿಸಿದ ಸಿಹಿರಸವನ್ನು ಹೊಟ್ಟೆಯಲ್ಲಿ ತುಂಬಿಕೊಂಡು ನೆಲದಾಳದ ಕೋಣೆಯ ಚಾವಣಿಗೆ ಜೋತುಬಿದ್ದಿರುತ್ತವೆ. ಹೊಟ್ಟೆ ಊದಿ ದ್ರಾಕ್ಷಿಯಂತಾಗಿ ಒಳಗಿನ ಜೇನುಬಣ್ಣ ಹೊರಗೆ ಕಾಣುತ್ತದೆ. ಹೆಂಗಸರು ಮುಲ್ಗಾ ಮರಗಳ ಕೆಳಗೆ ನೆಲ ಬಗೆದು ಇವನ್ನು ತೆಗೆಯುತ್ತಾರೆ. ತಲೆಯನ್ನು ಬೆರಳಲ್ಲಿ ಹಿಡಿದು ಹೊಟ್ಟೆಯ ಜೇನನ್ನು ಬಾಯಿಗೆ ಬಿಟ್ಟುಕೊಳ್ಳುವುದು ರೂಢಿ. ಮರುಭೂಮಿಯ ಮಕ್ಕಳಿಗೆ ಇದೇ ಮಿಠಾಯಿ. ಹತ್ತಿರದ ವರುಂಪಿ ಎಂಬ ಜಾಗ ಈ ಕಥೆಯ ಕ್ಷೇತ್ರ. 1980ರ ದಶಕದಲ್ಲಿ ಹೆಸರು ಮಾಡಿದ 'ವರುಂಪಿ ಬ್ಯಾಂಡ್' ಎಂಬ ಆದಿವಾಸಿ ರಾಕ್ ತಂಡಕ್ಕೂ ಅಲ್ಲಿಂದಲೇ ಹೆಸರು ಬಂದದ್ದು.

ಗೋಡೆಗೆ ಯಾವ ಕಥೆ ಎಂಬ ಪ್ರಶ್ನೆ ಬಂದಾಗ ಜೇನಿರುವೆಯೇ ತೀರ್ಮಾನವಾಯಿತು. ಯಾಕೆಂದರೆ ಅಲ್ಲಿ ಸೇರಿದ್ದ ಬೇರೆ ಬೇರೆ ಜನರೆಲ್ಲರೂ ಒಪ್ಪಬಹುದಾದ, ಆ ನೆಲದ್ದೇ ಆದ ಕಥೆ ಅದೊಂದೇ. ಅದಕ್ಕೆ ಒಡೆತನದ ಒಪ್ಪಿಗೆ ಬೇಕಿತ್ತು. ಓಲ್ಡ್ ಟಾಮ್ ಓನಿಯನ್ ಜಪಂಗಟಿ ಎಂಬ ಹಿರಿಯ ಆ ಕಥೆಯ ಒಡೆಯ. ಆತ ಒಪ್ಪಿದ ಮೇಲೆ ಕಾಪಾ ಮುಂದಾಗಿ ಚಿತ್ರ ಆರಂಭವಾಯಿತು.

ಇಲ್ಲಿ ನಡೆದದ್ದನ್ನು ಬಾರ್ಡನ್ ಮುಂದೆ ಬರೆದಿಟ್ಟಿದ್ದಾನೆ. ಕಾಪಾ ಮೊದಲು ಗೋಡೆಯ ಮೇಲೆ ಬರೆದ ಇರುವೆಗಳು ಬಿಳಿಯರ ಪುಸ್ತಕಗಳಲ್ಲಿ ಇರುತ್ತವಲ್ಲ, ಆ ರೀತಿಯವು. ತಲೆ, ಕಾಲು, ಮೀಸೆ ಎಲ್ಲ ಇದ್ದವು. ಇವು ನಿಮ್ಮ ಇರುವೆಗಳೋ, ಬಿಳಿಯರ ಇರುವೆಗಳೋ ಎಂದು ಬಾರ್ಡನ್ ಕೇಳಿದ. ಬಿಳಿಯರದೇ ಎಂದು ಕಾಪಾ ಒಪ್ಪಿಕೊಂಡ. ಹಾಗಾದರೆ ನಿಮ್ಮವು ಹೇಗಿರುತ್ತವೆ ಎಂದಾಗ ಗಂಡಸರು ತಮ್ಮಲ್ಲೇ ಪಿಸುಗುಟ್ಟಿ ಚರ್ಚಿಸಿದರು. ಆಮೇಲೆ ಕಾಪಾ ಹೋಗಿ ಆ ಇರುವೆಗಳನ್ನು ಅಳಿಸಿ ಬೇರೆ ಗುರುತು ಹಾಕಿದ. ಏಕಕೇಂದ್ರ ವೃತ್ತಗಳು, ಅವನ್ನು ಕೂಡಿಸುವ ನೇರ ಗೆರೆಗಳು, ಗೆರೆಗಳ ಇಕ್ಕೆಲಗಳಲ್ಲಿ ಬಾಗಿದ ಸಣ್ಣ ಸಣ್ಣ ಗುರುತುಗಳು. ಇವೇ ಪ್ರಯಾಣ ಹೊರಟ ಇರುವೆಗಳು.

ಈ ಲಿಪಿಯನ್ನು ಓದುವ ಕ್ರಮ ಸುಲಭವೂ ಹೌದು, ಕಷ್ಟವೂ ಹೌದು. ಎಲ್ಲವನ್ನೂ ಮೇಲಿನಿಂದ ನೋಡಿದಂತೆ ಬರೆಯಲಾಗುತ್ತದೆ, ಹದ್ದಿನ ಕಣ್ಣಿಗೆ ಕಂಡಂತೆ. ಇಂಗ್ಲಿಷಿನ 'ಯು' ಅಕ್ಷರದಂಥ ಗುರುತು ನೆಲದ ಮೇಲೆ ಕೂತ ಮನುಷ್ಯ. ಕೂತು ಎದ್ದಾಗ ಮರಳಿನಲ್ಲಿ ಉಳಿಯುವ ಅಚ್ಚು ಅದೇ ತಾನೇ? ವೃತ್ತದೊಳಗೆ ವೃತ್ತ ಎಂದರೆ ಬಿಡಾರ, ನೀರಿನ ಹೊಂಡ ಅಥವಾ ಪವಿತ್ರ ಜಾಗ. ನೇರ ಗೆರೆ ದಾರಿ. ಪ್ರಾಣಿಯನ್ನು ಬರೆಯುವುದಿಲ್ಲ, ಅದರ ಹೆಜ್ಜೆಯನ್ನು ಬರೆಯುತ್ತಾರೆ. ಒಂದೇ ಗುರುತಿಗೆ ಹಲವು ಅರ್ಥ. ಕಥೆ ಗೊತ್ತಿದ್ದವನಿಗೆ ಮಾತ್ರ ಯಾವ ಅರ್ಥ ಎಲ್ಲಿ ಎಂದು ತಿಳಿಯುತ್ತದೆ. ನಮ್ಮ ರಂಗೋಲಿಯ ಚುಕ್ಕಿಯಂತೆ ಇಲ್ಲಿನ ಚುಕ್ಕಿಯೂ ಎಂದುಕೊಳ್ಳುವುದು ಸಹಜ, ಆದರೆ ಕೆಲಸ ಬೇರೆ. ರಂಗೋಲಿಯಲ್ಲಿ ಚುಕ್ಕಿ ಗೆರೆಗೆ ಆಧಾರ. ಅಲ್ಲಿ ಚುಕ್ಕಿ ಬಂದದ್ದು ಆಚರಣೆಗಳಲ್ಲಿ ಮೈಗೆ ಮತ್ತು ನೆಲಕ್ಕೆ ಅಂಟಿಸುತ್ತಿದ್ದ ಹಕ್ಕಿಯ ತುಪ್ಪುಳ, ಗಿಡದ ಹತ್ತಿ, ಕೆಮ್ಮಣ್ಣಿನ ಉಂಡೆಗಳಿಂದ.

ಆ ಗೋಡೆಚಿತ್ರದಲ್ಲಿ ಪಾಶ್ಚಾತ್ಯವಾದದ್ದು ಯಾವುದು, ಆದಿವಾಸಿಯದು ಯಾವುದು ಎಂದು ಬಿಡಿಸಿ ನೋಡಿ. ಗುರುತುಗಳು ಅವರವು. ಬಣ್ಣ, ಕುಂಚ ಶಾಲೆಯವು. ಗೋಡೆ ಸರಕಾರದ್ದು. ಮಲಗಿದ್ದ ಚಿತ್ರ ಎದ್ದು ನಿಂತದ್ದಂತೂ ದೊಡ್ಡ ಬದಲಾವಣೆ. ನೆಲದ ಮೇಲೆ ಬರೆದು, ಕುಣಿದು, ಆಚರಣೆ ಮುಗಿದ ಮೇಲೆ ಕಾಲಲ್ಲೇ ಅಳಿಸಿಹೋಗುತ್ತಿದ್ದ ಚಿತ್ರ ಈಗ ಹೋಗಿಬರುವವರೆಲ್ಲ ನೋಡುವಂತೆ ಗೋಡೆಯ ಮೇಲೆ ನಿಂತಿತು. 'ನಿಮ್ಮ ಇರುವೆ ಬರೆಯಿರಿ' ಎಂದು ಹೇಳಿದವನೂ ಒಬ್ಬ ಬಿಳಿಯ ಮೇಷ್ಟ್ರೇ ಎಂಬುದನ್ನು ಮರೆಯುವಂತಿಲ್ಲ. ಪಾಶ್ಚಾತ್ಯ ಅಂಶ ಬೇಡ ಎಂದು ತೀರ್ಮಾನಿಸುವ ಅಧಿಕಾರ ಅವನಿಗೆ ಎಲ್ಲಿಂದ ಬಂತು ಎಂದು ಕೇಳಿದ ವಿಮರ್ಶಕರಿದ್ದಾರೆ. ಪ್ರಶ್ನೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಬಾರ್ಡನ್ ಬರುವ ಮೊದಲೇ ಕಾಪಾ ಚಿತ್ರ ಬರೆಯುತ್ತಿದ್ದ ಎಂಬುದೂ ನಿಜ. ಮೇಷ್ಟ್ರು ಕಲೆಯನ್ನು ಕಲಿಸಲಿಲ್ಲ, ಕಂಡದ್ದನ್ನು ಗೌರವಿಸಿದ, ಬಣ್ಣ ತಂದುಕೊಟ್ಟ ಎಂದರೆ ಅವನಿಗೆ ಸಲ್ಲಬೇಕಾದಷ್ಟು ಸಂದಂತೆ.

ಗೋಡೆಚಿತ್ರ ಮುಗಿಯುತ್ತಿದ್ದ ಸಮಯದಲ್ಲೇ, 1971ರ ಆಗಸ್ಟ್‌ನಲ್ಲಿ, ಕಾಪಾನ 'ಗುಲ್ಗಾರ್ಡಿ' ಎಂಬ ಚಿತ್ರಕ್ಕೆ ಆಲಿಸ್ ಸ್ಪ್ರಿಂಗ್ಸ್‌ನ ಕ್ಯಾಲ್‌ಟೆಕ್ಸ್ ಕಲಾಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು, ಇನ್ನೊಬ್ಬ ಕಲಾವಿದನೊಡನೆ ಹಂಚಿಕೆಯಾಗಿ. ಅಂಗಳ ಗುಡಿಸುವವನಿಗೆ ಬಹುಮಾನ ಬಂದದ್ದು ಪಪುನ್ಯಾದಲ್ಲಿ ಸಂಚಲನ ಉಂಟುಮಾಡಿತು. ಆಮೇಲೆ ಗಂಡಸರು ಸಿಕ್ಕಸಿಕ್ಕ ಹಲಗೆ, ಹಾರ್ಡ್‌ಬೋರ್ಡ್ ಚೂರುಗಳನ್ನು ತಂದು ಬರೆಯತೊಡಗಿದರು. ಕೆಲವೇ ತಿಂಗಳಲ್ಲಿ ನೂರಾರು ಚಿತ್ರಗಳಾದವು. ಬಾರ್ಡನ್ ಅವನ್ನು ಪಟ್ಟಣಕ್ಕೆ ಒಯ್ದು ಮಾರಿ ಹಣ ತಂದುಕೊಡುತ್ತಿದ್ದ. 1972ರಲ್ಲಿ ಕಲಾವಿದರದೇ ಒಡೆತನದ 'ಪಪುನ್ಯಾ ತುಲ' ಎಂಬ ಕಂಪೆನಿ ಹುಟ್ಟಿತು, ಅದು ಇಂದಿಗೂ ನಡೆಯುತ್ತಿದೆ. ಬಾರ್ಡನ್ ಮಾತ್ರ ಅಲ್ಲಿನ ಅಧಿಕಾರಿಗಳೊಡನೆ ಗುದ್ದಾಡಿ ಆರೋಗ್ಯ ಕೆಡಿಸಿಕೊಂಡು ಅದೇ ವರ್ಷ ಊರು ಬಿಟ್ಟ. ಆತ ತೀರಿಕೊಂಡದ್ದು 2003ರಲ್ಲಿ. ಕಾಪಾ ಅದಕ್ಕೂ ಮೊದಲೇ, 1989ರಲ್ಲಿ.

ಎಲ್ಲವೂ ಸುಗಮವಾಗಿತ್ತು ಎಂದೇನೂ ಅಲ್ಲ. ಮೊದಲ ಹಲಗೆಗಳಲ್ಲಿ ಕೆಲವರು ಉತ್ಸಾಹದಲ್ಲಿ ಗುಟ್ಟಿನ ವಸ್ತುಗಳನ್ನೂ ಬರೆದಿದ್ದರು. ದೀಕ್ಷೆಯಾದ ಗಂಡಸರಲ್ಲದೆ ಬೇರೆಯವರು ನೋಡಬಾರದ್ದು ಅವು. ಪ್ರದರ್ಶನಗಳಲ್ಲಿ ಅವನ್ನು ಕಂಡ ಬೇರೆ ಊರಿನ ಆದಿವಾಸಿ ಹಿರಿಯರು ಸಿಟ್ಟಿಗೆದ್ದರು. ಅಲ್ಲಿಂದ ಮುಂದೆ ಕಲಾವಿದರು ಯಾವುದನ್ನು ತೋರಿಸಬೇಕು, ಯಾವುದನ್ನು ಮುಚ್ಚಬೇಕು ಎಂದು ಎಚ್ಚರ ವಹಿಸಿದರು. ಚುಕ್ಕಿಗಳು ಕ್ಯಾನ್ವಾಸಿನ ತುಂಬ ಹರಡಿಕೊಳ್ಳತೊಡಗಿದ್ದು ಈ ಕಾಲದಲ್ಲೇ. ಗುಟ್ಟಿಗೆ ಹಾಕಿದ ಪರದೆ ಅದು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ನಗರದ ಕೊಳ್ಳುಗರು ಅದನ್ನು ಆಧುನಿಕ ಅಮೂರ್ತ ಕಲೆಯೆಂದು ಮೆಚ್ಚಿ ಕೊಂಡರು.

ಹಣದ ಲೆಕ್ಕ ಕೇಳಿದರೆ ಬೇಸರವಾಗುತ್ತದೆ. ಜಾನಿ ವರಂಕುಲ ಎಂಬ ಕಲಾವಿದ 1972ರಲ್ಲಿ ಬರೆದ ನೀರಿನ ಕಥೆಯ ಚಿತ್ರಕ್ಕೆ ಆಗ ಸಿಕ್ಕಿದ್ದು 150 ಡಾಲರ್. ಅದು 1997ರಲ್ಲಿ ಹರಾಜಾದಾಗ ಎರಡು ಲಕ್ಷ ಡಾಲರ್ ದಾಟಿತು, 2000ದಲ್ಲಿ ಮತ್ತೆ ಹರಾಜಾದಾಗ 4,86,500 ಡಾಲರ್. ಕಲಾವಿದ ಆಗಿನ್ನೂ ಬದುಕಿದ್ದ, ಮುದುಕನಾಗಿದ್ದ. ಕಾನೂನಿನ ಪ್ರಕಾರ ಅವನಿಗೆ ಒಂದು ಕಾಸೂ ಬರಬೇಕಾಗಿರಲಿಲ್ಲ. ಕ್ಲಿಫರ್ಡ್ ಪೋಸಮ್ 1977ರಲ್ಲಿ ಬರೆದ 'ವಾರ್ಲುಗುಲಾಂಗ್' ಚಿತ್ರವನ್ನು ಒಂದು ಬ್ಯಾಂಕು 1200 ಡಾಲರಿಗೆ ಕೊಂಡಿತ್ತು. 2007ರಲ್ಲಿ ರಾಷ್ಟ್ರೀಯ ಗ್ಯಾಲರಿ ಅದನ್ನು ಕೊಂಡದ್ದು 24 ಲಕ್ಷ ಡಾಲರಿಗೆ. ಪೋಸಮ್ ಸತ್ತು ಆಗಲೇ ಐದು ವರ್ಷವಾಗಿತ್ತು. ಮರುಮಾರಾಟದಲ್ಲಿ ಕಲಾವಿದನಿಗೆ ಶೇಕಡ 5ರಷ್ಟು ಪಾಲು ಕೊಡಬೇಕೆಂಬ ಕಾನೂನು ಆಸ್ಟ್ರೇಲಿಯಾದಲ್ಲಿ ಜಾರಿಗೆ ಬಂದದ್ದು 2010ರಲ್ಲಿ.

ಇನ್ನು ಶಾಲೆಯ ಗೋಡೆ ಕಳೆದುಹೋದ ಮೇಲೆ ಬಂದ ದೊಡ್ಡ ಸಾರ್ವಜನಿಕ ಚಿತ್ರದ ವಿಚಾರ. ಮೈಕೆಲ್ ನೆಲ್ಸನ್ ಜಗಮಾರ ಎಂಬ ವಾರ್ಲ್‌ಪಿರಿ ಕಲಾವಿದ ಪಪುನ್ಯಾದಲ್ಲಿ 1983ರ ಸುಮಾರಿಗೆ ಚಿತ್ರ ಬರೆಯಲು ತೊಡಗಿದ. ಮರುವರ್ಷವೇ ರಾಷ್ಟ್ರೀಯ ಆದಿವಾಸಿ ಕಲಾ ಪ್ರಶಸ್ತಿ ಪಡೆದ. ಕ್ಯಾನ್‌ಬೆರಾದಲ್ಲಿ ಹೊಸ ಸಂಸತ್ ಭವನ ಕಟ್ಟುವಾಗ ಅದರ ಮುಂದಿನ ಅಂಗಳಕ್ಕೆ ಅವನ ಚಿತ್ರವನ್ನೇ ಆರಿಸಲಾಯಿತು. ಬೇರೆ ಬೇರೆ ಪೂರ್ವಜರ ಗುಂಪುಗಳು ಒಂದೆಡೆ ಸಭೆ ಸೇರಿದ ಕಥೆ ಅದು, ಸಂಸತ್ತಿಗೆ ಒಪ್ಪುವಂಥದ್ದೇ. ಕೈಯಿಂದ ಕತ್ತರಿಸಿದ ಸುಮಾರು 90,000 ಗ್ರಾನೈಟ್ ಚೂರುಗಳಿಂದ 196 ಚದರ ಮೀಟರ್ ವಿಸ್ತಾರದ ಮೊಸಾಯಿಕ್ ಆಗಿ ಅದು 1988ರಲ್ಲಿ ಮುಗಿಯಿತು. ಗೋಡೆ ಹತ್ತಿದ್ದ ಚಿತ್ರ ಹೀಗೆ ಮತ್ತೆ ನೆಲಕ್ಕೆ ಇಳಿಯಿತು. ಆದರೆ ಈ ಬಾರಿ ಕಾಲಲ್ಲಿ ಅಳಿಸಿಹೋಗದಂತೆ.

ಅಳಿಯದ್ದನ್ನು ಅಳಿಸಲು ಹೊರಟವನು ಕಲಾವಿದನೇ. ಆದಿವಾಸಿಗಳ ಭೂಮಿಯ ಹಕ್ಕಿನ ಕಾನೂನಿನ ಬಗ್ಗೆ ದೇಶದಲ್ಲಿ ಜಗ್ಗಾಟ ನಡೆದಿದ್ದ 1993ರಲ್ಲಿ ಜಗಮಾರ ಸಂಸತ್ತಿನ ಅಂಗಳಕ್ಕೆ ಬಂದು, ಸರಕಾರ ತಮ್ಮ ಮಾತಿಗೆ ಬೆಲೆ ಕೊಡುತ್ತಿಲ್ಲವೆಂದು ತನ್ನದೇ ಚಿತ್ರದ ನಡುವಿನಿಂದ ಒಂದು ಕಲ್ಲನ್ನು ಎಬ್ಬಿ ತೆಗೆದ. ಬಿಳಿಯರ ಕಣ್ಣಿಗೆ ಅದು ಪ್ರತಿಭಟನೆಯ ಒಂದು ನಾಟಕದಂತೆ ಕಂಡಿರಬಹುದು. ಅವನ ಲೆಕ್ಕದಲ್ಲಿ ಹಾಗಲ್ಲ. ಚಿತ್ರದ ಗ್ರಾನೈಟ್ ಸರಕಾರದ್ದು, ಕಥೆ ತನ್ನದು. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ಹಕ್ಕೂ ಕಥೆಯ ಒಡೆಯನದೇ.

ಅನುಮತಿಯ ಪ್ರಶ್ನೆ ಎಷ್ಟು ಸೂಕ್ಷ್ಮ ಎಂಬುದಕ್ಕೆ ಇನ್ನೊಂದು ಹಳೆಯ ಉದಾಹರಣೆ ಇದೆ. 1966ರಲ್ಲಿ ಆಸ್ಟ್ರೇಲಿಯಾ ಡಾಲರ್ ಪದ್ಧತಿಗೆ ಬಂದಾಗ ಒಂದು ಡಾಲರಿನ ನೋಟಿನ ಮೇಲೆ ಡೇವಿಡ್ ಮಲಂಗಿ ಎಂಬ ಉತ್ತರ ತೀರದ ಕಲಾವಿದನ ಮರದ ತೊಗಟೆಯ ಚಿತ್ರವನ್ನು ಅವನಿಗೆ ಗೊತ್ತಿಲ್ಲದಂತೆಯೇ ಅಚ್ಚು ಹಾಕಿದರು. ವಿಷಯ ಬಯಲಾದ ಮೇಲೆ ಅವನಿಗೆ ಸಾವಿರ ಡಾಲರ್, ಒಂದು ಪದಕ, ಮೀನು ಹಿಡಿಯುವ ಸಲಕರಣೆ ಕೊಟ್ಟರು. ದೇಶದ ನೋಟು ಅಚ್ಚು ಹಾಕುವವರೇ ಹೀಗೆ ಮಾಡಿದರೆ ಉಳಿದವರ ಮಾತೇನು?

ಉಳಿದವರೂ ಮಾಡಿದರು. ಸಿಡ್ನಿಯ ಸಮಕಾಲೀನ ಕಲಾವಿದ ಇಮಾಂಟ್ಸ್ ಟಿಲ್ಲರ್ಸ್ 1985ರಲ್ಲಿ 'ದಿ ನೈನ್ ಶಾಟ್ಸ್' ಎಂಬ ಚಿತ್ರ ಬರೆದ. ಅದರಲ್ಲಿ ಜರ್ಮನಿಯ ಜಾರ್ಜ್ ಬಾಸೆಲಿಟ್ಸ್‌ನ ಮನುಷ್ಯಾಕೃತಿಯ ಜೊತೆಗೆ ಜಗಮಾರನ 'ಫೈವ್ ಡ್ರೀಮಿಂಗ್ಸ್' ಚಿತ್ರದ ಗುರುತುಗಳನ್ನು ಬೆರೆಸಿದ್ದ. ಪಾಶ್ಚಾತ್ಯ, ಆದಿವಾಸಿ ಎರಡೂ ಒಂದೇ ಚಿತ್ರದಲ್ಲಿ! ಇತರರ ಚಿತ್ರಗಳಿಂದ ಎತ್ತಿ ಬಳಸುವುದು ಆ ಕಾಲದ ಆಧುನಿಕೋತ್ತರ ಕಲೆಯ ಒಪ್ಪಿತ ವಿಧಾನವೇ. ಬಾಸೆಲಿಟ್ಸ್‌ನನ್ನು ಯಾರೂ ಕೇಳಲಿಲ್ಲ, ಜಗಮಾರನನ್ನೂ ಕೇಳಲಿಲ್ಲ. ಆದರೆ ಎರಡೂ ಒಂದೇ ಅಲ್ಲ ಎಂಬುದು ಮೇಲೆ ಹೇಳಿದ ಒಡೆಯ, ಕಾವಲುಗಾರರ ಕಥೆ ಕೇಳಿದ ನಿಮಗೆ ಹೊಳೆದಿರುತ್ತದೆ. ಆದಿವಾಸಿ ತಾಯಿಯ ಮಗನಾದ ಗೋರ್ಡನ್ ಬೆನೆಟ್ 1990ರಲ್ಲಿ 'ದಿ ನೈನ್ ರಿಕೋಶೆಟ್ಸ್' ಎಂಬ ಚಿತ್ರ ಬರೆದು ಟಿಲ್ಲರ್ಸ್‌ಗೆ ಉತ್ತರ ಕೊಟ್ಟ. ಹಾರಿಸಿದ ಗುಂಡು ಗೋಡೆಗೆ ಬಡಿದು ಬೇರೆ ದಿಕ್ಕಿಗೆ ಚಿಮ್ಮುವುದಕ್ಕೆ ಇಂಗ್ಲಿಷಿನಲ್ಲಿ ಇರುವ ಹೆಸರೇ ರಿಕೋಶೆಟ್. ಮರುವರ್ಷ ಆ ಚಿತ್ರಕ್ಕೆ ದೇಶದ ದೊಡ್ಡ ಪ್ರಶಸ್ತಿಯೊಂದು ಬಂತು.

ಜಗಳ ಅಲ್ಲಿಗೇ ನಿಂತಿದ್ದರೆ ಇದೊಂದು ಮಾಮೂಲಿ ಕಲಾವಿವಾದವಾಗಿ ಮುಗಿಯುತ್ತಿತ್ತು. ಆದರೆ 2001ರಿಂದ ಟಿಲ್ಲರ್ಸ್ ಮತ್ತು ಜಗಮಾರ ಸೇರಿಯೇ ಚಿತ್ರ ಬರೆಯತೊಡಗಿದರು. ಬ್ರಿಸ್ಬೇನಿನ ಗ್ಯಾಲರಿಯೊಂದು ನಡುವೆ ನಿಂತು ಇದನ್ನು ಸಾಧ್ಯವಾಗಿಸಿತು. ಟಿಲ್ಲರ್ಸ್ ಮೊದಲಿನಿಂದಲೂ ಸಣ್ಣ ಸಣ್ಣ ಕ್ಯಾನ್ವಾಸ್ ಹಲಗೆಗಳನ್ನು ಒಟ್ಟಿಗೆ ಜೋಡಿಸಿ ಒಂದು ದೊಡ್ಡ ಚಿತ್ರ ಮಾಡುವವನು. ಅಂಥ ಹಲಗೆಗಳ ಮೇಲೆ ಒಂದು ಕಡೆ ಅವನ ಅಕ್ಷರಗಳು, ಆಕೃತಿಗಳು. ಅವುಗಳ ಮೇಲೆ ಜಗಮಾರ ಅಗಲವಾದ ಕುಂಚದಿಂದ ಎಳೆದ ಪೋಸಮ್‌ನ ಹಾದಿ, ಮಿಂಚಿನ ಗೆರೆ. ಯಾವ ಗುರುತು ಬರೆಯಬೇಕು, ಯಾವುದನ್ನು ಬಿಡಬೇಕು ಎಂದು ಈ ಬಾರಿ ತೀರ್ಮಾನಿಸಿದವನು ಜಗಮಾರನೇ. ಚಿತ್ರಕ್ಕೆ ಇಬ್ಬರ ಹೆಸರೂ ಇರುತ್ತಿತ್ತು. 2020ರಲ್ಲಿ ಜಗಮಾರ ತೀರಿಕೊಂಡ.